ರಸ್ತಾದಾಗ ಬಿದ್ದವರನ್ನ ದವಾಖಾನಿಗೆ ಒಯ್ದ್ರ ನಿಮ್ಮ ಮ್ಯಾಲ ಕೇಸ್ ಆಗಂಗಿಲ್ಲ: ಜಾಗದಿಂದ ಹಿಡ್ದು ಸ್ಟೇಷನ್ ತನಕ ಏನ್ ಮಾಡ್ಬೇಕು, ಏನ್ ಹೇಳ್ಬೇಕು

ಗಬ್ಬೂರ ಬೈಪಾಸ್ ಇರ್ಲಿ, ಅಣ್ಣಿಗೇರಿ ದಾಟಿ ಗದಗ ರೋಡ್ ಇರ್ಲಿ, ಬಂಕಾಪುರದ ಆಚಿ ಹಾವೇರಿ ಹೈವೇ ಇರ್ಲಿ, ಯಾರರೆ ಗಾಡಿ ಸ್ಲಿಪ್ ಆಗಿ ಬಿದ್ರಂದ್ರ ಮಂದಿ ಏನೋ ಕೂಡ್ತಾರ, ಆದ್ರ ಎತ್ತಾಕ ಮುಂದ ಬರೋರು ಕಡಿಮಿ. ಬಗಲಾಗ ನಿಂತಾವ ಒಬ್ಬ ಹೇಳೇ ಹೇಳ್ತಾನ, "ಬ್ಯಾಡೋ ಮಾರಾಯಾ, ಯಾಕ್ ಬೇಕು ಇಲ್ಲದ ಉಸಾಬರಿ, ನಾಳಿಂದ ಸ್ಟೇಷನ್ನು ಕೋರ್ಟು ಅಂತ ಅಡ್ಡಾಡಬೇಕಾಗ್ತೈತಿ". ಹಿಂಗ ಹೇಳೋರು ಕಲ್ಲುಮನಸಿನವರೇನಲ್ರಿ, ಅವರ ಅಪ್ಪನೋ ಕಾಕಾನೋ ಹಿಂದಕ ಯಾರನ್ನೋ ದವಾಖಾನಿಗೆ ಒಯ್ದು, ಸಾಕ್ಷಿ ಅಂತ ಹೆಸರು ಬರಿಸ್ಕೊಂಡು, ವರ್ಷಗಟ್ಲೆ ಸಮನ್ಸ್ ತಗೊಂಡಿದ್ದನ್ನ ಕಂಡಿರ್ತಾರ. ಆ ಕಾಲಕ್ಕ ಆ ಅಂಜಿಕಿ ಖರೇನ ಇತ್ತು. ಆದ್ರ ಕಾಯ್ದೆ ಬದಲಾಗಿ ಭಾಳ ವರ್ಷ ಆತು, ಅಂಜಿಕಿ ಮಾತ್ರ ಹಂಗ ಉಳಕೊಂಡೈತಿ. ಇದನ್ನ ಬರಿಯಾಕತ್ತಿದ್ದು ಅದಕ್ಕ.

ನಮ್ಮ ಕಡೆ ಇದು ಎಷ್ಟ್ ಮುಖ್ಯ ಅಂತ ಬಿಡಿಸಿ ಹೇಳೋದೇನೂ ಬ್ಯಾಡ. 2021ರ ಜನವರಿಯಾಗ ಧಾರವಾಡದ ಹತ್ರ ಇಟಿಗಟ್ಟಿ ಬೈಪಾಸಿನ್ಯಾಗ ದಾವಣಗೆರಿ ಹೆಣ್ಮಕ್ಕಳಿದ್ದ ಗಾಡಿಗೆ ಅಪಘಾತ ಆಗಿದ್ದು, 2024ರ ಜೂನ್‌ದಾಗ ಬ್ಯಾಡಗಿ ಹತ್ರ ಗುಂಡೇನಹಳ್ಳಿ ಕ್ರಾಸಿನ್ಯಾಗ ನಿಂತ ಲಾರಿಗೆ ಟಿಟಿ (ಟೆಂಪೋ ಟ್ರಾವೆಲರ್) ಗುದ್ದಿ 13 ಮಂದಿ ಹೋಗಿದ್ದು, ಇವೆಲ್ಲ ನಮ್ಮ ಕಣ್ಣ ಮುಂದ ಆದವು. ಹೈವೇದಾಗ ಮೊದ್ಲು ಮುಟ್ಟೋದು ಆಂಬ್ಯುಲೆನ್ಸ್ ಅಲ್ಲ, ಹಿಂದ ಬರ್ತಿರೋ ಗಾಡಿಯವರು, ಬಾಜೂ ಹೊಲದವರು, ಟೀ ಅಂಗಡಿಯವರು. ಪೆಟ್ಟಾದ ಮೊದ್ಲನೇ ಒಂದ್ ತಾಸಿಗೆ ಗೋಲ್ಡನ್ ಅವರ್ ಅಂತಾರ, ಮೋಟಾರು ವಾಹನ ಕಾಯ್ದೆಯಾಗನ ಅದನ್ನ ಬರದಾರ. ಆ ತಾಸು ಇರೋದು ಇವರ ಕೈಯಾಗ.

ಮೊದ್ಲು ಇಷ್ಟ್ ಕಾಯ್ದೆ ತಲಿಯಾಗ ಇಟ್ಕೊಳ್ರಿ

ವಕೀಲರ ಹಂಗ ಎಲ್ಲಾ ಗೊತ್ತಿರೋದು ಬ್ಯಾಡ. ಕೇಂದ್ರ ಸರ್ಕಾರ 2015ರ ಮೇದಾಗ ಗೈಡ್‌ಲೈನ್ಸ್ ಹೊರಡಿಸ್ತು, 2016ರ ಜನವರಿಯಾಗ ಹೇಳಿಕೆ ತಗೊಳ್ಳೋ ಮುಂದ ಪೊಲೀಸರು ಹೆಂಗ ನಡಕೋಬೇಕು ಅನ್ನೋದನ್ನ ಬರೀತು, 2016ರ ಮಾರ್ಚ್ 30ಕ್ಕ ಸುಪ್ರೀಂ ಕೋರ್ಟ್ ಅದಕ್ಕ ಒಪ್ಪಿಗಿ ಕೊಟ್ಟು ದೇಶಕ್ಕೆಲ್ಲಾ ಇದು ಕಟ್ಟುನಿಟ್ಟು ಅಂತ ಹೇಳ್ತು. ನಮ್ಮ ಕರ್ನಾಟಕ ಸರ್ಕಾರ 2016ರಾಗನ ತನ್ನದ ಒಂದ್ ಕಾಯ್ದೆ ಮಾಡ್ತು, ಅದಕ್ಕ 2018ರಾಗ ರಾಷ್ಟ್ರಪತಿ ಅಂಕಿತ ಬಿತ್ತು, ಹಿಂಗ ಗುಡ್ ಸಮರಿಟನ್ (ಬಿದ್ದವರಿಗೆ ಆಸೆ ಇಲ್ಲದ ಸಹಾಯ ಮಾಡೋರು) ಅಂತ ಬ್ಯಾರೇನ ಕಾಯ್ದೆ ತಂದ ಮೊದ್ಲನೇ ರಾಜ್ಯ ನಮ್ಮದು, ಇದು ನಮ್ಮ ಮಂದಿಗೇ ಗೊತ್ತಿಲ್ಲ ಅಂದ್ರ ಬ್ಯಾಸರ ಆಗ್ತೈತಿ. ಆಮ್ಯಾಲ 2019ರಾಗ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಸೆಕ್ಷನ್ ಸೇರಿಸಿದ್ರು, 2020ರಾಗ ಅದಕ್ಕ 168 ಮತ್ತ 169 ಅಂತ ಎರಡು ರೂಲ್ ಬಂದ್ವು.

ನೆನಪಿಟ್ಕೋಳಾಕ 134ಎ ಒಂದ್ ಸಾಕು. ಅದು ಹೇಳೋದು ಇಷ್ಟ: ಒಳ್ಳೇ ಮನಸಿಂದ, ಯಾರೂ ಒತ್ತಾಯ ಮಾಡದ, ರೊಕ್ಕದ ಆಸೆ ಇಲ್ಲದ, ಅಪಘಾತ ಆದವರಿಗೆ ಜಾಗದಾಗ ಸಹಾಯ ಮಾಡಿದ್ರ ಇಲ್ಲಾ ದವಾಖಾನಿಗೆ ಒಯ್ದ್ರ, ಆಮ್ಯಾಲ ಅವರು ತೀರಿಕೊಂಡ್ರೂ, ನಿಮ್ಮ ಕೈಯಿಂದ ಏನರೆ ಹೆಚ್ಚುಕಡಿಮಿ ಆಗಿದ್ರೂ, ನಿಮ್ಮ ಮ್ಯಾಲ ಸಿವಿಲ್ ಖಟ್ಲೇನೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. "ಎತ್ತೋ ಮುಂದ ಬೆನ್ನಿಗೆ ಪೆಟ್ಟಾತು, ನೀನ ಕಾರಣ" ಅಂತ ಯಾರರೆ ಕೇಳಾಕ ಬಂದ್ರ ಉತ್ತರ ಈ ಸೆಕ್ಷನ್ನಿನ್ಯಾಗ ಐತಿ.

ರಸ್ತಾ ಅಪಘಾತ ಅಲ್ಲ, ಸಂತಿಯಾಗ ಯಾರೋ ಎದಿ ಹಿಡ್ಕೊಂಡು ಕುಸುದ್ರು ಅಂದ್ರ? ಅದಕ್ಕ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಐತಿ, ಹಳೇ ಐಪಿಸಿಯ 92. ಒಬ್ಬರ ಒಳ್ಳೇದಕ್ಕ ಅಂತ, ಅವರ ಒಪ್ಪಿಗಿ ಕೇಳೋ ಸ್ಥಿತಿ ಇಲ್ಲದಾಗ ಮಾಡಿದ ಕೆಲಸ ಅಪರಾಧ ಅಲ್ಲ ಅಂತೈತಿ ಅದು. ಕಾಯ್ದೆ ಬುಕ್ಕಿನ್ಯಾಗನ ಒಂದ್ ಉದಾಹರಣಿ ಕೊಟ್ಟಾರ ನೋಡ್ರಿ: ಒಬ್ಬನ್ನ ಹುಲಿ ಹೊತ್ಕೊಂಡ್ ಹೊಂಟೈತಿ, ಗುಂಡು ಹೊಡದ್ರ ಅವನಿಗೇ ತಾಗಬಹುದು ಅಂತ ಗೊತ್ತಿದ್ರೂ ಉಳಸೋ ಸಲುವಾಗಿ ಇನ್ನೊಬ್ಬ ಹುಲಿಗೆ ಗುಂಡು ಹಾರಿಸ್ತಾನ, ಅದು ಅವನಿಗೇ ತಾಗಿ ಸಾಯೋ ಹಂಗ ಗಾಯ ಆಗ್ತೈತಿ. ಹಂಗಾದ್ರೂ ಅಪರಾಧ ಇಲ್ಲ. ಆದ್ರ ಒಳ್ಳೇ ಮನಸು ಅಂದ್ರ ಕಾಯ್ದೆ ಲೆಕ್ಕದಾಗ ಎಚ್ಚರಿಕಿನೂ ಸೇರಿರಬೇಕು, ಗೊತ್ತಿಲ್ಲದ ಡಾಕ್ಟರ್ಕಿ ಮಾಡೋದು ಇದರಾಗ ಬರಂಗಿಲ್ಲ.

ಜಾಗದಾಗ

ನಿಮ್ಮ ಗಾಡಿ ಮೊದ್ಲು ಸೈಡಿಗೆ ಹಾಕ್ರಿ, ಪಾರ್ಕಿಂಗ್ ಲೈಟ್ ಹಚ್ರಿ, ಹಿಂದ ಬರೋರಿಗೆ ಕಾಣೋ ಹಂಗ ಒಬ್ಬರು ದೂರ ನಿಂತು ವಲ್ಲಿ ಬೀಸ್ರಿ. ಸಹಾಯಕ್ಕ ಇಳಿದವರಿಗೇ ಹಿಂದಿನ ಲಾರಿ ಗುದ್ದಿದ್ದು ನಮ್ಮ ಹೈವೇದಾಗ ಹೊಸಾದಲ್ಲ.

ಆಮ್ಯಾಲ ಫೋನ್. 112ಕ್ಕ ಹಚ್ಚಿದ್ರ ಪೊಲೀಸು, ಆಂಬ್ಯುಲೆನ್ಸು, ಫೈರು ಮೂರೂ ಸಿಗ್ತಾವ, 108 ನಮ್ಮ ರಾಜ್ಯದ ಆಂಬ್ಯುಲೆನ್ಸು, ರೊಕ್ಕ ಇಲ್ಲ, ನ್ಯಾಷನಲ್ ಹೈವೇ ಆದ್ರ 1033 ಕೂಡ ಐತಿ. ಜಾಗ ಹೇಳೋ ಮುಂದ "ಹುಬ್ಬಳ್ಳಿ ಹತ್ರ" ಅಂದ್ರ ಆಗಂಗಿಲ್ಲ. ಯಾವ ಕಡೆಯಿಂದ ಯಾವ ಕಡೆ ಹೋಗೋ ಬಾಜೂ, ಹತ್ರದ ಕ್ರಾಸ್ ಯಾವ್ದು, ರಸ್ತಾ ಬದಿ ಕಿಲೋಮೀಟರ್ ಕಲ್ಲಿನ ನಂಬರ್ ಏನು, ಇಷ್ಟ್ ಹೇಳಿದ್ರ ಅವರಿಗೆ ಸುಲಭ. ಫೋನ್ ಮಾಡಿದವರ ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡಂಗಿಲ್ಲ, ಇದು 2016ರ ನಿಯಮದಾಗನ ಐತಿ.

ಈ ಫೋನಿಂದ ನಿಮಗೂ ಒಂದ್ ಲಾಭ ಐತಿ. ಭಾಳ ಮಂದಿಗೆ ಇರೋ ಅಂಜಿಕಿ ಏನಂದ್ರ "ನೀನ ಗುದ್ದೀ, ಈಗ ನಾಟಕ ಮಾಡ್ತಿ" ಅಂತ ಸಂಬಂಧಿಕರು ಬಂದು ಕೊರಳಪಟ್ಟಿ ಹಿಡಿದ್ರ ಏನ್ ಗತಿ ಅಂತ. ನೀವ ಮೊದ್ಲು 112ಕ್ಕ ಹಚ್ಚಿದ್ರ ನಿಮ್ಮ ಫೋನಿನ್ಯಾಗ ಟೈಮ್ ಸಮೇತ ಕಾಲ್ ಉಳೀತೈತಿ. ಕೈಯಾಗ ಬಿಡುವಿದ್ರ, ಇಲ್ಲಾ ಜೊತಿಗಿದ್ದವರಿಗೆ ಹೇಳಿ, ನಿಮ್ಮ ಗಾಡಿ ಮುಂದಿನ ಬಾಜೂ ಒಂದ್ ಫೋಟೋ, ಅಪಘಾತ ಆದ ಗಾಡಿಗಳು ನಿಂತ ಹಂಗ ನಂಬರ್ ಪ್ಲೇಟ್ ಕಾಣೋ ಒಂದೆರಡು ಫೋಟೋ ತಗೊಳ್ರಿ. ಗಾಡಿದು ಅಷ್ಟ. ಬಿದ್ದವರ ಮಾರಿ, ರಕ್ತ, ಅರಬಿ ಹರಿದಿದ್ದು ಇದನ್ನೆಲ್ಲ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಬ್ಯಾಡ್ರಿ, ಅವರ ಮನಿಯವರಿಗೆ ಸುದ್ದಿ ಮುಟ್ಟೋದು ಹಂಗ ಆಗಬಾರದು.

ಬಿದ್ದವರು ಎಚ್ಚರ ಇದ್ರ ಒಂದ್ ಮಾತ್ ಕೇಳ್ರಿ, "ಅಣ್ಣಾರ, ಎತ್ತಲೇನ್ರಿ, ಎಲ್ಲಿ ನೋವಾಗ್ತೈತಿ?" ಅಂತ. ರಕ್ತ ಹರಿಯಾಕತ್ತಿದ್ರ ಸ್ವಚ್ಛ ವಲ್ಲಿ ಇಲ್ಲಾ ದುಪ್ಪಟ್ಟಾ ಮಡಚಿ ಗಾಯದ ಮ್ಯಾಲ ಗಟ್ಟಿ ಒತ್ತಿ ಹಿಡೀರಿ, ಪದೇ ಪದೇ ತೆಗೆದು ನೋಡಬ್ಯಾಡ್ರಿ. ನೀರು ಕುಡಸಬ್ಯಾಡ್ರಿ, ನಮ್ಮ ಮಂದಿ ಪ್ರೀತಿಯಿಂದನ ಬಾಟ್ಲಿ ಬಾಯಿಗಿಡ್ತಾರ, ಆದ್ರ ಎಚ್ಚರ ಇಲ್ಲದವರಿಗೆ ಅದು ಶ್ವಾಸದ ನಾಳಕ್ಕ ಇಳಿದು ಜೀವಕ್ಕ ಕುತ್ತು ತರ್ತೈತಿ. ಹೆಲ್ಮೆಟ್ ಎಳೆದು ತೆಗೀಬ್ಯಾಡ್ರಿ, ಕಾಜ್ ಮ್ಯಾಲೆತ್ತಿ ಉಸಿರಾಡಾಕ ಬಿಡ್ರಿ. ಗಾಡಿಯಾಗ ಸಿಕ್ಕೊಂಡಿದ್ರ, ಬೆಂಕಿ ಹೊಗಿ ಏನೂ ಇಲ್ಲಂದ್ರ, ಕೈಕಾಲು ಹಿಡ್ದು ಜಗ್ಗಬ್ಯಾಡ್ರಿ. ಎತ್ತಲೇಬೇಕು ಅಂದ್ರ ಮೂರ್ನಾಲ್ಕು ಮಂದಿ ಸೇರಿ ತಲಿ, ಕುತಗಿ, ಬೆನ್ನು ಒಂದ ಸಾಲಿನ್ಯಾಗ ಇರೋ ಹಂಗ ಎತ್ರಿ.

ಇನ್ನೊಂದು ಮರೀಬಾರದ್ದು, ಬಂಗಾರ, ಫೋನು, ಪರ್ಸು. ಮೈಮ್ಯಾಲಿನ ಸಾಮಾನು ನೀವು ಒಬ್ಬರ ತೆಗೀಬ್ಯಾಡ್ರಿ. ಕೆಳಗ ಬಿದ್ದಿದ್ರ ಎಲ್ಲಾರ ಎದುರಿಗೆ ಎತ್ತಿ, ಫೋಟೋ ತಗೊಂಡು, ಆಂಬ್ಯುಲೆನ್ಸಿನವರ ಇಲ್ಲಾ ದವಾಖಾನಿ ಸಿಸ್ಟರ್ ಕೈಯಾಗ ಕೊಡ್ರಿ, ಯಾರಿಗೆ ಕೊಟ್ರಿ ಅನ್ನೋದನ್ನ ನೆನಪಿಟ್ಕೊಳ್ರಿ. ಕಾಯ್ದೆ ಕಾಯೋದು ಒಳ್ಳೇ ಮನಸಿನ ಸಹಾಯಾನ, ಅಲ್ಲಿ ಸಂಶಯಕ್ಕ ಜಾಗ ಕೊಡಬಾರದು.

ಯಾವ ದವಾಖಾನಿಗೆ

ಆಂಬ್ಯುಲೆನ್ಸ್ ಬ್ಯಾಗ ಬರ್ತೈತಿ ಅಂದ್ರ ಕಾಯ್ರಿ, ಅದರಾಗ ಆಕ್ಸಿಜನ್ ಇರ್ತೈತಿ, ಕಲಿತವರು ಇರ್ತಾರ. ತಡಾ ಆಗ್ತೈತಿ ಅಂದ್ರ ಸಿಕ್ಕ ಗಾಡಿಯಾಗ ಹತ್ರದ ಎಮರ್ಜೆನ್ಸಿ ಇರೋ ದವಾಖಾನಿಗೆ ಹೊಂಡ್ರಿ. ಹುಬ್ಬಳ್ಳಿಯಾಗ ಕಿಮ್ಸ್ (ಈಗ ಕೆಎಂಸಿಆರ್‌ಐ), ಧಾರವಾಡದಾಗ ಜಿಲ್ಲಾ ಆಸ್ಪತ್ರೆ, ನಡಕ ಸತ್ತೂರಿನ ಎಸ್‌ಡಿಎಂ, ಗದಗಿನ್ಯಾಗ ಜಿಮ್ಸ್, ಹಾವೇರಿಯಾಗ ಜಿಲ್ಲಾ ಆಸ್ಪತ್ರೆ. ದೂರದ ಹಳ್ಳಿ ಕಡೆ ಆದ್ರ ತಾಲೂಕು ದವಾಖಾನಿಯಾಗ ರಕ್ತ ನಿಲ್ಲಿಸಿ ಸಲಾಯಿನ್ ಹಚ್ಚಿ ಮುಂದ ಕಳಸಿದ್ರೂ ಜೀವ ಉಳೀತೈತಿ. "ಇದು ಪೊಲೀಸ್ ಕೇಸ್, ನಮ್ಮಲ್ಲಿ ತಗೊಳ್ಳಂಗಿಲ್ಲ, ಸರ್ಕಾರಿಗೆ ಒಯ್ರಿ" ಅಂತ ಪ್ರೈವೇಟ್‌ನವರು ಬಾಗಿಲ್ದಾಗನ ಕಳಸೋ ಹಂಗಿಲ್ರಿ. ಸರ್ಕಾರಿ ಇರ್ಲಿ ಪ್ರೈವೇಟ್ ಇರ್ಲಿ, ಮೊದ್ಲು ಜೀವ ಉಳಸೋದು ಪ್ರತಿಯೊಬ್ಬ ಡಾಕ್ಟರ್ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಾಗನ, ಪರಮಾನಂದ ಕಟಾರಾ ಕೇಸಿನ್ಯಾಗ, ಹೇಳಿ ಬಿಟ್ಟೈತಿ. ರಸ್ತಾ ಅಪಘಾತದ ಎಮರ್ಜೆನ್ಸಿಯಾಗ ಡಾಕ್ಟರ್ ನೋಡಲಿಲ್ಲಂದ್ರ ಅದು ವೃತ್ತಿ ದುರ್ನಡತಿ ಅಂತ 2015ರ ಗೈಡ್‌ಲೈನ್ಸಿನ್ಯಾಗ ಬರದಾರ.

ಕೌಂಟರ್‌ದಾಗ

ಭಾಳ ಮಂದಿ ಸಿಕ್ಕೊಳ್ಳೋದು ಇಲ್ಲೇ, ಅದಕ್ಕ ಇದನ್ನ ಸಾವಕಾಶ ಓದ್ರಿ. ಸ್ಟ್ರೆಚರ್ ಒಳಗ ಹೋಗ್ತಿದ್ದಂಗ ಕಿಟಕಿ ಹಿಂದ ಕುಂತವರು ಕೇಳ್ತಾರ:

"ಪೇಷಂಟಿಗೆ ನೀವು ಏನಾಗಬೇಕ್ರಿ?"

"ಏನೂ ಆಗಬೇಕಿಲ್ರಿ. ದಾರ್ಯಾಗ ಬಿದ್ದಿದ್ರು, ಕರ್ಕೊಂಡ್ ಬಂದೇನ್ರಿ."

ಈ ಒಂದ್ ಮಾತು ಮೊದ್ಲ ಸ್ಪಷ್ಟ ಹೇಳ್ರಿ. ಅಕ್ಕಪಕ್ಕದವರಾದ್ರೂ, ಒಂದ ಊರವರಾದ್ರೂ, "ನಮ್ಮವರ" ಅಂತ ಬಾಯಿ ತಪ್ಪಿ ಅಂದ್ರ ಕೇಸ್ ಪೇಪರಿನ್ಯಾಗ ಸಂಬಂಧಿಕರು ಅಂತ ಬರ್ಕೋತಾರ. ಸಂಬಂಧಿಕರು ಅಲ್ಲದವರ ಕಡೆಯಿಂದ ರಿಜಿಸ್ಟ್ರೇಷನ್, ಅಡ್ಮಿಷನ್ ರೊಕ್ಕ ಕೇಳೋ ಹಂಗಿಲ್ಲ, ಹಿಡ್ದು ಕೂರಿಸೋ ಹಂಗಂತೂ ಇಲ್ಲವೇ ಇಲ್ಲ.

"ಅಡ್ವಾನ್ಸ್ ಯಾರ್ ಕಟ್ತೀರಿ?"

"ನಾ ಸಂಬಂಧಿಕ ಅಲ್ರಿ, ನನ್ನ ಕಡೆ ಕೇಳಾಕ ಬರಂಗಿಲ್ಲ. ಟ್ರೀಟ್ಮೆಂಟ್ ಶುರು ಮಾಡ್ರಿ, ಮನಿಯವರಿಗೆ ಫೋನ್ ಹಚ್ಚೇವಿ."

ಇಷ್ಟ್ ಹೇಳಿ ಸುಮ್ಮನ ನಿಲ್ರಿ, ದನಿ ಏರಿಸೋದು ಬ್ಯಾಡ, ಕೌಂಟರಿನವರೂ ಮ್ಯಾಲಿನವರು ಹೇಳಿದಂಗ ಕೇಳೋರು. ಕೇಳಲಿಲ್ಲಂದ್ರ ಗ್ವಾಡಿ ನೋಡ್ರಿ. ಗುಡ್ ಸಮರಿಟನ್ ಹಕ್ಕುಗಳ ಬೋರ್ಡನ್ನ ಇಂಗ್ಲಿಷು, ಹಿಂದಿ ಮತ್ತ ಆ ಊರಿನ ಭಾಷಾದಾಗ ಬಾಗಿಲ ಹತ್ರ ಎಲ್ಲಾರಿಗೂ ಕಾಣೋ ಹಂಗ ಹಾಕಬೇಕು ಅಂತ ರೂಲ್ 168 ಹೇಳ್ತೈತಿ, ವೆಬ್‌ಸೈಟ್ ಇದ್ರ ಅದರಾಗೂ. "ನಿಮ್ಮ ದವಾಖಾನ್ಯಾಗ ಆ ಬೋರ್ಡ್ ಎಲ್ಲಿ ಹಾಕೀರಿ?" ಅಂತ ನೆಟ್ಟಗ ಕೇಳ್ರಿ. ಕಾಯ್ದೆ ಗೊತ್ತಿದ್ದವರು ಬಂದಾರ ಅಂತ ಗೊತ್ತಾದ್ರ ಮಾತಿನ ಧಾಟಿ ಬದಲಾಗ್ತೈತಿ, ಇದನ್ನ ನಾನೂ ಕಂಡೇನಿ. ನಮ್ಮ ಓಣಿ ಹುಡುಗನೊಬ್ಬ ಗಾಯಾಳುನ್ನ ಒಯ್ದಾಗ ಒಂದ್ ಪ್ರೈವೇಟ್ ದವಾಖಾನ್ಯಾಗ ರೊಕ್ಕ ಕಟ್ಟೋ ತನಕ ಅವನ ಗಾಡಿ ಚಾವಿ ಇಸ್ಕೊಂಡಿದ್ರು, ಅಲ್ಲಿ ಹೋಗಿ 134ಎ ಹೆಸರು ಹೇಳಿ, ಹಿರಿಯ ಡಾಕ್ಟರನ್ನ ಕರೀರಿ ಅಂದ ಮ್ಯಾಲ ಚಾವಿ ವಾಪಸ್ ಬಂತು.

ಸಹಿ ವಿಷಯ ಹುಷಾರು. ಆಪರೇಷನ್ ಒಪ್ಪಿಗಿ ಪತ್ರ, ಬಿಲ್ ಜವಾಬ್ದಾರಿ ಪತ್ರ, ಇವಕ್ಕ ನೀವು ಸಹಿ ಮಾಡೋದು ಬ್ಯಾಡ. "ಸಹಿ ಇಲ್ಲಂದ್ರ ಡಾಕ್ಟರ್ ಮುಟ್ಟಂಗಿಲ್ಲ" ಅಂದ್ರ, ಮನಿಯವರು ಸಿಗದಾಗ ಜೀವ ಉಳಸಾಕ ಮಾಡಿದ ಆಪರೇಷನ್ನಿಗೂ ಅದ 30ನೇ ಸೆಕ್ಷನ್ ರಕ್ಷಣಾ ಕೊಡ್ತೈತಿ, ನಮ್ಮ ರಾಜ್ಯದ ಕಾಯ್ದೆಯ ಹೆಸರಿನ್ಯಾಗನ ಮೆಡಿಕಲ್ ಪ್ರೊಫೆಷನಲ್ ಅಂತ ಡಾಕ್ಟರ್‌ಗಳನ್ನೂ ಸೇರಿಸ್ಯಾರ.

ಎಮ್‌ಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದ್ರ ಪೊಲೀಸರಿಗೆ ತಿಳಿಸೋ ಕೇಸ್) ರಿಜಿಸ್ಟರಿನ್ಯಾಗ ಕರ್ಕೊಂಡು ಬಂದವರು ಯಾರು ಅಂತ ಒಂದ್ ಜಾಗ ಇರ್ತೈತಿ. ಅಲ್ಲಿ ನಿಮ್ಮ ಹೆಸರು, ನಂಬರ್ ಕೊಡೋದು ಬಿಡೋದು ನಿಮ್ಮ ಮನಸಿಗೆ ಬಿಟ್ಟಿದ್ದು. ಕೊಡಂಗಿಲ್ಲ ಅಂದ್ರ ದಾರಿಹೋಕರು ಅಂತ ಬರ್ಕೊಳ್ರಿ ಅಂತ ಹೇಳಿ ಹೊರಡ್ರಿ. ಎಲ್ಲಿ, ಎಷ್ಟ್ ಹೊತ್ತಿಗೆ, ಹೆಂಗ ಬಿದ್ದಿದ್ರು, ನೀರು ಗೀರು ಯಾರರೆ ಕುಡಿಸಿದ್ರೇನು, ಎಚ್ಚರ ಯಾವಾಗ ತಪ್ಪಿತು, ಇದನ್ನ ಮಾತ್ರ ಡಾಕ್ಟರ್‌ಗೆ ಬಿಡಿಸಿ ಹೇಳ್ರಿ, ಇಲಾಜಿಗೆ ಅದು ಬೇಕು.

ಇನ್ನು ಗಾಯಾಳು ಖರ್ಚಿನ ಮಾತು. ಮೋಟಾರು ವಾಹನ ಅಪಘಾತದಾಗ ಪೆಟ್ಟಾದವರಿಗೆ ನಿಗದಿ ಮಾಡಿದ ದವಾಖಾನಿಯಾಗ 7 ದಿವಸದ ತನಕ, ಒಬ್ಬರಿಗೆ ₹1.5 ಲಕ್ಷದ ಮಟಾ ಕ್ಯಾಶ್‌ಲೆಸ್ ಟ್ರೀಟ್ಮೆಂಟ್ ಸಿಗೋ ಸ್ಕೀಮನ್ನ 2025ರ ಮೇದಾಗ ಕೇಂದ್ರ ಜಾರಿ ಮಾಡೈತಿ. ಮನಿಯವರು ಬಂದಾಗ ಇದನ್ನ ಹೇಳ್ರಿ, ಗಾಬರಿಯಾಗ ಬಡ್ಡಿ ಸಾಲ ಮಾಡೋದು ತಪ್ಪೀತು.

ಪೊಲೀಸರು ಬಂದಾಗ

ಇಲ್ಲಿ ಎರಡ ದಾರಿ. ಅಪಘಾತ ಆಗೋದನ್ನ ನೀವು ಕಣ್ಣಾರೆ ನೋಡಿಲ್ಲ, ಆಮ್ಯಾಲ ಬಂದ್ರಿ, ಎತ್ತಿದ್ರಿ, ಅಷ್ಟ. ಹಂಗಿದ್ರ ದವಾಖಾನಿಗೆ ಬಿಟ್ಟ ಕೂಡ್ಲೇ ಹೋಗಬಹುದು. ಕಣ್ಣಾರೆ ನೋಡಿದ್ರ, ಆ ಸಾಕ್ಷಿಗಳು ವಿಳಾಸ ಕೊಟ್ಟು ಹೋಗಬಹುದು ಅಂತ 2015ರ ಗೈಡ್‌ಲೈನ್ಸಿನ್ಯಾಗ ಇತ್ತು, 2020ರ ರೂಲ್ ಬಂದ ಮ್ಯಾಲ ಹೆಸರು, ವಿಳಾಸ, ಗುರುತು ಯಾವ್ದನ್ನೂ ಹೇಳ್ರಿ ಅಂತ ಪೊಲೀಸರಾಗ್ಲಿ ಬ್ಯಾರೆಯವರಾಗ್ಲಿ ಗುಡ್ ಸಮರಿಟನ್‌ಗೆ ಒತ್ತಾಯ ಮಾಡಂಗಿಲ್ಲ ಅಂತ ಇನ್ನಷ್ಟ್ ಗಟ್ಟಿ ಮಾಡ್ಯಾರ. ನನ್ನ ಕೇಳಿದ್ರ, ನೋಡಿದವರು ಹೇಳೋದ ಒಳ್ಳೇದು. ಗುದ್ದಿ ಓಡಿ ಹೋದ ಗಾಡಿ ನಂಬರ್ ನಿಮ್ಮೊಬ್ಬರಿಗ ಗೊತ್ತಿದ್ರ, ಆ ಮನಿಯವರಿಗೆ ನ್ಯಾಯ ಸಿಗೋದು ನಿಮ್ಮ ಬಾಯಿಂದ. ಆದ್ರ ಅದು ನಿಮ್ಮ ಒಪ್ಪಿಗಿಯಿಂದ ಆಗಬೇಕು.

ಒಪ್ಪಿದ್ರ ರೂಲ್ 169 ಪ್ರಕಾರ ಹೇಳಿಕೆ ತಗೊಳ್ಳೋದು ನಿಮಗ ಅನುಕೂಲ ಆದ ಹೊತ್ತಿಗೆ, ಅನುಕೂಲ ಆದ ಜಾಗದಾಗ, ಮನಿಯಾಗ ಇಲ್ಲಾ ಅಂಗಡಿಯಾಗ. ಬರೋ ಅಧಿಕಾರಿ ಯೂನಿಫಾರ್ಮ್ ಹಾಕದ ಸಾದಾ ಅರಬಿಯಾಗ ಬರಬೇಕು, ಓಣಿಯಾಗ ಪೊಲೀಸ್ ಬಂದ್ರ ಮಂದಿ ಏನ್ ಅನ್ನಬಹುದು ಅನ್ನೋದನ್ನ ಕಾಯ್ದೆ ಬರದವರು ವಿಚಾರ ಮಾಡ್ಯಾರ ನೋಡ್ರಿ. ಸ್ಟೇಷನ್ನಿಗ ಬರಬೇಕು ಅಂದ್ರ ಯಾಕ ಅನ್ನೋ ಕಾರಣ ಅವರು ಬರವಣಿಗಿಯಾಗ ದಾಖಲ ಮಾಡಬೇಕು. ಒಂದ ಸಲಕ್ಕ ಪೂರಾ ಹೇಳಿಕೆ ಮುಗಿಸಬೇಕು. ಕೋರ್ಟಿನ್ಯಾಗೂ ಅಫಿಡವಿಟ್ ಮ್ಯಾಲ ತಗೊಳ್ಳಾಕ, ವಿಡಿಯೋ ಕಾನ್ಫರೆನ್ಸ್ ಬಳಸಾಕ ದಾರಿ ಐತಿ. ನಮ್ಮ ರಾಜ್ಯದ ಕಾಯ್ದೆಯಾಗಂತೂ ಕೋರ್ಟು ಸ್ಟೇಷನ್ನಿಗೆ ಹೋಗಲೇಬೇಕಾದ್ರ ಅಡ್ಡಾಡೋ ಖರ್ಚಿಗೆ ಗುಡ್ ಸಮರಿಟನ್ ಫಂಡ್ ಅನ್ನೋ ವಿಚಾರನೂ ಐತಿ.

ಬಾಯಿಗೆ ಬರೋ ಹಂಗ ಇಷ್ಟ್ ಇಟ್ಕೊಳ್ರಿ: "ಸಾಹೇಬ್ರ, ನಾ ಗುಡ್ ಸಮರಿಟನ್ ಇದ್ದೇನ್ರಿ, ನೋಡಿದ್ದು ಹೇಳಾಕ ತಯಾರಿದೇನಿ, ಆದ್ರ ನಾಳೆ ಸಂಜಿಕ ಅಂಗಡಿಗೆ ಬಂದ್ರ ಚೊಲೋ ಆಗ್ತೈತ್ರಿ." ಪೊಲೀಸ್ನೋರು ಪಂಚನಾಮೆಗೆ ಸಹಿ ಕೇಳಿದ್ರ ಮೊದ್ಲು ಪೂರಾ ಓದ್ರಿ, ಖಾಲಿ ಹಾಳಿಗೆ ಸಹಿ ಮಾಡಬ್ಯಾಡ್ರಿ, ನೋಡದಿದ್ದನ್ನ ನೋಡೇನಿ ಅಂತ ಬರದಿದ್ರ ತಿದ್ದಸ್ರಿ.

ಈ ರಕ್ಷಣಾ ಯಾರಿಗಿಲ್ಲ

ಗುದ್ದಿದ ಗಾಡಿ ಡ್ರೈವರ್‌ಗೆ. ಅವ ದವಾಖಾನಿಗೆ ಒಯ್ಯೋದು 134ನೇ ಸೆಕ್ಷನ್ ಪ್ರಕಾರ ಅವನ ಕರ್ತವ್ಯ, ಪೊಲೀಸರಿಗೆ ಬ್ಯಾಗ ಅಂದ್ರೂ 24 ತಾಸಿನೊಳಗ ಹೇಳಬೇಕು. ಹಂಗಂತ ನಿಮ್ಮ ಗಾಡಿನ ಗುದ್ದಿದ್ರ ಓಡಬ್ಯಾಡ್ರಿ, ಮಂದಿ ಹೊಡಿತಾರ ಅನ್ನೋ ಅಂಜಿಕಿ ಇದ್ರ ಹತ್ರದ ಸ್ಟೇಷನ್ನಿಗೆ ನೆಟ್ಟಗ ಹೋಗಿ ಆಂಬ್ಯುಲೆನ್ಸ್ ಕಳಸ್ರಿ ಅಂತ ಹೇಳ್ರಿ. ಬಾಡಿಗಿ ಮಾತಾಡಿ ಒಯ್ದವರಿಗೂ ರೊಕ್ಕದ ಆಸೆ ಇಲ್ಲದ ಅನ್ನೋ ಮಾತು ಅಡ್ಡ ಬರ್ತೈತಿ, ಆಟೋ ಟಂಟಂ ಅಣ್ಣಾರು ಇದನ್ನ ಗಮನಿಸ್ಬೇಕು.

ಸರ್ಕಾರ ಆಮ್ಯಾಲ ತಾನಾಗೇ ಕೊಡೋ ಬಹುಮಾನ ಬ್ಯಾರೆ, ಅದಕ್ಕ ಅಂಜೋದು ಬ್ಯಾಡ. 2021ರಾಗ ಗೋಲ್ಡನ್ ಅವರಿನ್ಯಾಗ ಒಯ್ದು ಜೀವ ಉಳಿಸಿದವರಿಗೆ ₹5,000 ಅಂತ ಶುರು ಮಾಡಿದ್ರು, 2025ರಾಗ ಅದನ್ನ ₹25,000 ಮಾಡ್ಯಾರ. ಅದು ಬೇಕಂದ್ರ ಮಾತ್ರ ಹೆಸರು ಕೊಡಬೇಕಾಗ್ತೈತಿ, ಪೊಲೀಸರು ಡಾಕ್ಟರ್ ಕಡೆ ಖಾತ್ರಿ ಮಾಡ್ಕೊಂಡು ತಮ್ಮ ಲೆಟರ್‌ಹೆಡ್ ಮ್ಯಾಲ ಒಂದ್ ಪತ್ರ ಕೊಡ್ತಾರ, ಜಿಲ್ಲಾ ಕಮಿಟಿ ಮುಂದ ಅದು ಹೋಗ್ತೈತಿ.

ಯಾರರೆ ತ್ರಾಸ್ ಕೊಟ್ರ

ಅಲ್ಲೇ ಜಗಳ ಆಡಬ್ಯಾಡ್ರಿ, ಹೆಸರು ಹುದ್ದೆ ಟೈಮ್ ಬರ್ಕೊಂಡು ಬರ್ರಿ. ಪೊಲೀಸರಿಂದ ತ್ರಾಸ್ ಆದ್ರ ಹುಬ್ಬಳ್ಳಿ-ಧಾರವಾಡ ಸಿಟಿಯಾಗ ಕಮಿಷನರ್ ಆಫೀಸಿಗೆ, ಹಳ್ಳಿ ಕಡೆ, ಗದಗ, ಹಾವೇರಿಯಾಗ ಎಸ್‌ಪಿ ಆಫೀಸಿಗೆ ಅರ್ಜಿ. ಹೆಸರು ಹೇಳು ಅಂತ ದಬಾಯಿಸಿದ್ರ ಇಲಾಖಾ ಶಿಸ್ತು ಕ್ರಮ ಆಗಬೇಕು ಅಂತ ನಿಯಮದಾಗ ಐತಿ. ದವಾಖಾನಿದಾದ್ರ ಡಿಎಚ್‌ಓಗೆ (ಜಿಲ್ಲಾ ಆರೋಗ್ಯ ಅಧಿಕಾರಿ), ಪ್ರೈವೇಟ್ ಇದ್ರ ಡಿಸಿ ಅಧ್ಯಕ್ಷರಿರೋ ಜಿಲ್ಲಾ ಕೆಪಿಎಂಇ (ಪ್ರೈವೇಟ್ ದವಾಖಾನಿಗಳ ಕಾಯ್ದೆಯ) ಪ್ರಾಧಿಕಾರಕ್ಕ. ವಕೀಲರ ಸಲಹಾ ಬೇಕಂದ್ರ ಕಾನೂನು ಸೇವಾ ಪ್ರಾಧಿಕಾರದ 15100ಕ್ಕ ಫೋನ್ ಹಚ್ರಿ. ಅರ್ಜಿ ಉದ್ದ ಬ್ಯಾಡ, ಒಂದ ಹಾಳಿ: ಯಾವ ದಿವಸ, ಎಲ್ಲಿ ಅಪಘಾತ, ಎಷ್ಟ್ ಹೊತ್ತಿಗೆ ಯಾವ ದವಾಖಾನಿಗೆ ಒಯ್ದ್ರಿ, ಯಾರು ಏನ್ ಅಂದ್ರು, 134ಎ ಮತ್ತ ರೂಲ್ 168, 169 ಮುರದಾರ ಅನ್ನೋ ಒಂದ್ ಸಾಲು, 112ರ ಕಾಲ್ ಲಾಗಿನ ಸ್ಕ್ರೀನ್‌ಶಾಟ್ ಜೋಡಿಸ್ರಿ. ಎರಡ್ ಪ್ರತಿ ಒಯ್ರಿ, ಒಂದ್ ಅವರಿಗೆ ಕೊಟ್ಟು ಇನ್ನೊಂದರ ಮ್ಯಾಲ ತಾರೀಖು ಸಮೇತ ಶಿಕ್ಕಾ ಹೊಡಿಸ್ಕೊಂಡು ಬರ್ರಿ.